ಪಟ್ಟಿ ಬಯಲಲ್ಲಿ, ಕಡತ ಬೀರುವಿನಲ್ಲಿ

ಕೆ.ಆರ್. ಪುರದ ಕಡೆ ಸೈಟು ನೋಡಲು ಹೋದವರಿಗೆ ಬ್ರೋಕರ್ ಮೊದಲು ಹೇಳುವ ಮಾತು, ‘ಪೇಪರ್ಸ್ ಎಲ್ಲಾ ಕ್ಲಿಯರ್ ಇದೆ ಸಾರ್.’ ಹುಷಾರಿರುವವರು ತಲೆಯಾಡಿಸುತ್ತಲೇ ಜೇಬಿನಿಂದ ಮೊಬೈಲು ತೆಗೆಯುತ್ತಾರೆ. ‘ದಿಶಾಂಕ್’ ಆ್ಯಪ್ ನಿಂತ ನೆಲದ ಸರ್ವೆ ನಂಬರು ಹೇಳುತ್ತದೆ. ಅದು ಕೆರೆಯಂಗಳವೋ ರಾಜಕಾಲುವೆಯೋ ಎಂಬ ಸುಳಿವನ್ನೂ ಕೊಡುತ್ತದೆ. ‘ಭೂಮಿ’ಯಲ್ಲಿ ಪಹಣಿ, ‘ಕಾವೇರಿ’ಯಲ್ಲಿ ಇ.ಸಿ., ‘ಇ-ಆಸ್ತಿ’ಯಲ್ಲಿ ಖಾತೆ. 2022ರ ಸೆಪ್ಟೆಂಬರ್ ಮಳೆಗೆ ಮಹದೇವಪುರ ವಲಯದ ದುಬಾರಿ ವಿಲ್ಲಾಗಳಿಂದ ಜನರನ್ನು ಟ್ರ್ಯಾಕ್ಟರಿನಲ್ಲಿ ಸಾಗಿಸಿದ ಮೇಲಂತೂ, ಒಂದು ಕಾಲಕ್ಕೆ ಶಾನುಭೋಗರ ವಿದ್ಯೆಯಾಗಿದ್ದ ಗ್ರಾಮನಕ್ಷೆ ಓದುವುದನ್ನು ಸಾಫ್ಟ್‌ವೇರ್ ಎಂಜಿನಿಯರುಗಳೂ ಕಲಿತುಬಿಟ್ಟಿದ್ದಾರೆ.

ಅದೇ ಸೈಟು ಕೊಂಡವರ ಕ್ರಯಪತ್ರ ಇನ್ನೊಂದು ಕತೆ ಹೇಳುತ್ತದೆ. ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಒತ್ತಿದ ಹೆಬ್ಬೆಟ್ಟು, ಪಕ್ಕದಲ್ಲಿ ಆಧಾರ್ ಸಂಖ್ಯೆ, ಭಾವಚಿತ್ರ: ಇಷ್ಟೂ ಸ್ಕ್ಯಾನ್ ಆಗಿ ಇಲಾಖೆಯ ಕಂಪ್ಯೂಟರಿಗೆ ಸೇರುತ್ತವೆ. 2023ರಲ್ಲಿ ಬೆಂಗಳೂರಿನ ಪೊಲೀಸ್ ಠಾಣೆಗಳಿಗೆ ಒಂದೇ ಬಗೆಯ ದೂರುಗಳು ಬರತೊಡಗಿದವು. ಒ.ಟಿ.ಪಿ. ಯಾರಿಗೂ ಹೇಳಿಲ್ಲ, ಲಿಂಕ್ ಒತ್ತಿಲ್ಲ, ಆದರೂ ಖಾತೆಯಿಂದ ಹತ್ತು ಸಾವಿರ ರೂಪಾಯಿ ಹೋಗಿದೆ. ನೋಂದಣಿ ಪತ್ರಗಳ ಪ್ರತಿ ಇಳಿಸಿಕೊಂಡು, ಹೆಬ್ಬೆಟ್ಟಿನ ಗುರುತಿನಿಂದ ನಕಲಿ ಬೆರಳಚ್ಚು ಮಾಡಿ, ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯಲ್ಲಿ ಹಣ ತೆಗೆಯುತ್ತಿದ್ದಾರೆ ಎಂದು ತನಿಖೆಯಲ್ಲಿ ತಿಳಿಯಿತು. ಹಳ್ಳಿಯ ಮುದುಕಿಗೂ ಪಿಂಚಣಿ ಮನೆಬಾಗಿಲಲ್ಲೇ ಸಿಗಲಿ ಎಂದು ಕಟ್ಟಿದ ವ್ಯವಸ್ಥೆ ಅದು. ಬೆರಳೇ ಅಲ್ಲಿ ಬೀಗದ ಕೈ. ಆ ಕೈಯ ಅಚ್ಚು ಮಾತ್ರ ಪ್ರತಿ ಕ್ರಯಪತ್ರದ ಹಿಂಬದಿಯಲ್ಲಿತ್ತು. ಬಯೋಮೆಟ್ರಿಕ್ ಲಾಕ್ ಮಾಡಿಕೊಳ್ಳಿ ಎಂದು ಪೊಲೀಸರು ಜನರಿಗೆ ಹೇಳಿದರು, ಇಲಾಖೆ ಹೆಬ್ಬೆಟ್ಟುಗಳನ್ನು ಮರೆಮಾಡಲು ಹೊರಟಿತು. ನೆರೆಯ ತೆಲಂಗಾಣದಲ್ಲಿ ಇದೇ ದಾರಿಯಿಂದ ನಕಲಿ ಹೆಬ್ಬೆಟ್ಟು ಮಾಡಿ ಸಿಮ್ ಕಾರ್ಡ್ ಚಾಲೂ ಮಾಡಿದ ಪ್ರಕರಣ 2018ರಲ್ಲೇ ಹೊರಬಿದ್ದಿತ್ತು. ಪಕ್ಕದ ಮನೆಗೆ ಕಳ್ಳ ಬಂದು ಐದು ವರ್ಷವಾದ ಮೇಲೆ ನಮ್ಮ ಮನೆಗೆ ಚಿಲಕ ಹಾಕಿದ ಹಾಗಾಯಿತು.

ಕ್ರಯಪತ್ರಗಳನ್ನು ಜಾಲಕ್ಕೆ ಹಾಕಿದ್ದೇ ತಪ್ಪು ಎನ್ನುವವರೂ ಇದ್ದಾರೆ. ಆ ಮಾತು ನಿಲ್ಲುವುದಿಲ್ಲ. 1908ರ ನೋಂದಣಿ ಕಾಯ್ದೆಯ 57ನೇ ಕಲಮಿನ ಪ್ರಕಾರ ಸ್ಥಿರಾಸ್ತಿಯ ದಸ್ತಾವೇಜು ದಾಖಲಾಗುವ ‘ಒಂದನೇ ಪುಸ್ತಕ’ವನ್ನು ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು. ಉಯಿಲುಗಳ ಪುಸ್ತಕಕ್ಕೆ ಬೇರೆ ಕಟ್ಟುಪಾಡು ಇದೆ. ಜಮೀನು ಕೈಬದಲಾದದ್ದು ಊರಿಗೆಲ್ಲ ಗೊತ್ತಾಗಬೇಕು, ಒಂದೇ ಜಾಗವನ್ನು ಇಬ್ಬರಿಗೆ ಮಾರಬಾರದು ಎಂಬುದೇ ನೋಂದಣಿಯ ಮೂಲ ಉದ್ದೇಶ. ಅಂದರೆ ಬಯಲು ನೂರು ವರ್ಷಕ್ಕೂ ಹಳೆಯದು. ಆದರೆ ಆ ಪುಸ್ತಕ ನೋಡಬೇಕಾದವನು ಆಫೀಸಿಗೆ ಬರಬೇಕಿತ್ತು, ಗುಮಾಸ್ತೆಯ ಎದುರು ನಿಲ್ಲಬೇಕಿತ್ತು, ತನಗೆ ಬೇಕಾದ ಒಂದು ಪುಟ ಕೇಳಬೇಕಿತ್ತು. ಸಾವಿರ ಮೈಲಿ ದೂರದ ಕೋಣೆಯಲ್ಲಿ ಕುಳಿತು ಸಾವಿರ ಪುಟ ಇಳಿಸಿಕೊಳ್ಳುವ ಓದುಗನನ್ನು ಆ ಕಾಯ್ದೆ ಬರೆದವರು ಕನಸಿನಲ್ಲೂ ಕಂಡಿರಲಿಲ್ಲ.

ದಾಖಲೆಯನ್ನು ಜಾಲಕ್ಕೆ ಏರಿಸಿದಾಗ ಗೆಲ್ಲುವವರು ಯಾರು ಎಂಬ ಪ್ರಶ್ನೆಯನ್ನು ಕರ್ನಾಟಕ ದೇಶಕ್ಕಿಂತ ಮೊದಲೇ ಎದುರಿಸಿತು. ರಾಜೀವ್ ಚಾವ್ಲಾ ಎಂಬ ಐ.ಎ.ಎಸ್. ಅಧಿಕಾರಿಯ ಮುಂದಾಳತ್ವದಲ್ಲಿ ಈ ಶತಮಾನದ ಆರಂಭದಲ್ಲಿ ಬಂದ ‘ಭೂಮಿ’ ಯೋಜನೆ 67 ಲಕ್ಷ ಭೂಹಿಡುವಳಿದಾರರ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಇಳಿಸಿತು. ಗ್ರಾಮ ಲೆಕ್ಕಿಗರ ಕೈಬರಹದ ಪಹಣಿಗೆ ಬೆಲೆ ಹೋಯಿತು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಮುದ್ರಿತ ಪ್ರತಿ ಸಿಗತೊಡಗಿತು. ಲೆಕ್ಕಿಗರನ್ನು ಹುಡುಕಿಕೊಂಡು ಅಲೆದು, ಕೈ ಬೆಚ್ಚಗೆ ಮಾಡಿ, ‘ನಾಳೆ ಬಾ’ ಎನ್ನಿಸಿಕೊಂಡ ರೈತನಿಗೆ ಅದು ಸಣ್ಣ ಬಿಡುಗಡೆಯಲ್ಲ. ಹೊಗಳಿಕೆಯ ನಡುವೆ 2007ರಲ್ಲಿ ಸಾಲೊಮನ್ ಬೆಂಜಮಿನ್, ಆರ್. ಭುವನೇಶ್ವರಿ ಮತ್ತು ಸಂಗಡಿಗರ ಅಧ್ಯಯನವೊಂದು ತಕರಾರು ಎತ್ತಿತು. ದಾಖಲೆ ಒಂದೆಡೆ ಸೇರಿದ್ದರಿಂದ ಬೆಂಗಳೂರಿನ ಸುತ್ತಮುತ್ತ ದೊಡ್ಡ ಡೆವಲಪರುಗಳಿಗೆ ಜಮೀನು ಗುರುತಿಸಿ ಕೈವಶ ಮಾಡಿಕೊಳ್ಳುವುದು ಸುಲಭವಾಯಿತು, ಲಂಚ ಹಳ್ಳಿಯಿಂದ ತಾಲ್ಲೂಕಿಗೆ ಬಡ್ತಿ ಪಡೆಯಿತು ಎಂಬುದು ಅವರ ವಾದ. ವರ್ತೂರು, ಬಿದರಹಳ್ಳಿ ಹೋಬಳಿಗಳ ರಾಗಿ ಹೊಲಗಳು ಟೆಕ್ ಪಾರ್ಕುಗಳಾದ ವೇಗ ಕಂಡವರು ಈ ವಾದವನ್ನು ಪೂರ್ತಿ ಒಪ್ಪದಿದ್ದರೂ ಪೂರ್ತಿ ತಳ್ಳಿಹಾಕಲಾರರು. ಪಹಣಿ ಎಲ್ಲರಿಗೂ ಒಂದೇ ಸಮನಾಗಿ ತೆರೆದಿತ್ತು ನಿಜ. ಆದರೆ ಒಬ್ಬ ರೈತ ತನ್ನ ಒಂದು ಪಹಣಿಯನ್ನು ನೋಡುತ್ತಾನೆ, ಕಂಪನಿ ಒಂದು ಇಡೀ ಹೋಬಳಿಯನ್ನೇ ನೋಡುತ್ತದೆ.

ಈ ವ್ಯತ್ಯಾಸ ಎಲ್ಲಕ್ಕಿಂತ ಗಾಢವಾಗಿ ಕಾಣುವುದು ಮತದಾರರ ಪಟ್ಟಿಯಲ್ಲಿ. ಈ ವಿಷಯದಲ್ಲಿ ಬೆಂಗಳೂರಿನ ಪೂರ್ವ ಭಾಗ ಈಗ ದೇಶಕ್ಕೇ ಪಾಠಶಾಲೆ.

2022ರ ನವೆಂಬರ್ ಮಧ್ಯದಲ್ಲಿ ‘ದಿ ನ್ಯೂಸ್ ಮಿನಿಟ್’ ಮತ್ತು ‘ಪ್ರತಿಧ್ವನಿ’ ಒಂದು ತನಿಖಾ ವರದಿ ಪ್ರಕಟಿಸಿದವು. ಮತದಾರರಲ್ಲಿ ಜಾಗೃತಿ ಮೂಡಿಸುತ್ತೇವೆ, ದುಡ್ಡು ಬೇಡ ಎಂದು ಹೇಳಿಕೊಂಡ ‘ಚಿಲುಮೆ’ ಎಂಬ ಸಂಸ್ಥೆಗೆ ಬಿ.ಬಿ.ಎಂ.ಪಿ. ಅನುಮತಿ ಕೊಟ್ಟಿತ್ತು. ಸಂಸ್ಥೆಯ ಹುಡುಗರು ಬೂತ್ ಮಟ್ಟದ ಅಧಿಕಾರಿಗಳೆಂಬ ಗುರುತಿನ ಚೀಟಿ ಹಾಕಿಕೊಂಡು ಮನೆಮನೆಗೆ ಹೋಗಿ ಜಾತಿ, ಮಾತೃಭಾಷೆ, ಗುರುತಿನ ಸಂಖ್ಯೆಗಳನ್ನು ಬರೆದುಕೊಂಡು ತಮ್ಮದೇ ಆ್ಯಪಿಗೆ ತುಂಬುತ್ತಿದ್ದರು ಎಂಬುದು ವರದಿಯ ಸಾರ. ಅನುಮತಿ ರದ್ದಾಯಿತು, ಬಂಧನಗಳಾದವು. ನವೆಂಬರ್ 25ರಂದು ಚುನಾವಣಾ ಆಯೋಗ ಇಬ್ಬರು ಹಿರಿಯ ಅಧಿಕಾರಿಗಳ ಅಮಾನತಿಗೆ ಸೂಚಿಸಿತು. ಶಿವಾಜಿನಗರ, ಚಿಕ್ಕಪೇಟೆ, ಮಹದೇವಪುರ ಈ ಮೂರು ಕ್ಷೇತ್ರಗಳ ಪಟ್ಟಿಯಲ್ಲಿ ಸೇರಿಸಿದ, ತೆಗೆದ ಪ್ರತಿ ಹೆಸರನ್ನೂ ಮರುಪರಿಶೀಲಿಸಲು ಹೇಳಿತು. ಮೂರರಲ್ಲಿ ಎರಡು ಈ ಭಾಗದವೇ. ಅದೇ ಶಿವಾಜಿನಗರದಲ್ಲಿ ಮುಂದಿನ ವರ್ಷ ವಿಧಾನಸಭಾ ಚುನಾವಣೆಗೆ ಕೆಲವೇ ತಿಂಗಳಿರುವಾಗ, ಖಾಸಗಿ ದೂರೊಂದರ ಮೇಲೆ 9 ಸಾವಿರಕ್ಕೂ ಹೆಚ್ಚು ಮತದಾರರ ಹೆಸರು ತೆಗೆಯುವ ವಿಚಾರ ಎದ್ದು ಗಲಾಟೆಯಾಯಿತು.

ಇಲ್ಲಿ ಸೋರಿದ್ದು ಯಾವುದು, ಮುಚ್ಚಿದ್ದು ಯಾವುದು ಎಂದು ನೋಡಬೇಕು. ರಸೆಲ್ ಮಾರ್ಕೆಟಿನ ಹಿಂದಿನ ಗಲ್ಲಿಯ ಮನೆಯಲ್ಲಿ ಯಾವ ಭಾಷೆ ಆಡುತ್ತಾರೆ ಎಂಬುದು ಹೊರಗಿನವರ ಮೊಬೈಲಿಗೆ ಹೋಗಿತ್ತು. ಆ ಹೊರಗಿನವರಿಗೆ ಅನುಮತಿ ಕೊಟ್ಟ ಆದೇಶ ಪತ್ರ ಮಾತ್ರ ಪತ್ರಕರ್ತರು ಅಗೆದು ತೆಗೆಯುವವರೆಗೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಸರ್ಕಾರ ತಾನು ಏನು ಮಾಡುತ್ತಿದ್ದೇನೆ ಎಂಬುದನ್ನು ಕೇಳುವ ಮೊದಲೇ ಪ್ರಕಟಿಸಬೇಕು ಎನ್ನುವುದು 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಮು. ಆ ಆದೇಶ ಜಾಲತಾಣದಲ್ಲಿ ಇದ್ದಿದ್ದರೆ, ಬಾಗಿಲು ತಟ್ಟಿದ ಹುಡುಗನನ್ನು ಶಿವಾಜಿನಗರದ ಯಾವ ಗೃಹಿಣಿಯಾದರೂ ‘ನೀನ್ಯಾರಪ್ಪ?’ ಎಂದು ಕೇಳಿ ಕಳಿಸಬಹುದಿತ್ತು.

ಮೂರು ವರ್ಷಗಳ ನಂತರ ಮಹದೇವಪುರದ ಸರದಿ. 2025ರ ಆಗಸ್ಟ್ 7ರಂದು ರಾಹುಲ್ ಗಾಂಧಿ ದೆಹಲಿಯಲ್ಲಿ ಪತ್ರಿಕಾಗೋಷ್ಠಿ ನಡೆಸಿ, ಈ ಒಂದೇ ವಿಧಾನಸಭಾ ಕ್ಷೇತ್ರದಲ್ಲಿ 1,00,250 ಮತಗಳ ‘ಕಳವು’ ಆಗಿದೆ ಎಂದು ಆರೋಪಿಸಿದರು. ಬೆಂಗಳೂರು ಸೆಂಟ್ರಲ್ ಲೋಕಸಭಾ ಕ್ಷೇತ್ರದಲ್ಲಿ ಬಿ.ಜೆ.ಪಿ. ಗೆದ್ದದ್ದು 32,707 ಮತಗಳಿಂದ. ಮಹದೇವಪುರವೊಂದರಲ್ಲೇ ಅದರ ಮುನ್ನಡೆ ಲಕ್ಷ ದಾಟಿತ್ತು. ಆಯೋಗ ಆರೋಪವನ್ನು ನಿರಾಕರಿಸಿ, ಪ್ರಮಾಣ ಮಾಡಿ ಸಹಿ ಹಾಕಿ ದೂರು ಕೊಡಿ ಎಂದಿತು. ಆರೋಪ ಎಷ್ಟು ನಿಜ ಎಂಬುದು ಈ ಲೇಖನದ ವಿಷಯವಲ್ಲ. ಪಟ್ಟಿಯನ್ನು ಓದಿದ ರೀತಿ ಮಾತ್ರ ನೇರವಾಗಿ ಇಲ್ಲಿಯದೇ. ಆಯೋಗ ಕೊಟ್ಟ ಪಟ್ಟಿ ಯಂತ್ರ ಓದುವ ರೂಪದಲ್ಲಿ ಇರಲಿಲ್ಲ. ಕಾಗದದ ಗುಡ್ಡೆಯಿಂದ ಹೆಸರು, ಫೋಟೊ ಒಂದೊಂದನ್ನೇ ಹೋಲಿಸಲು ಆರು ತಿಂಗಳು ಹಿಡಿಯಿತು ಎಂದು ಕಾಂಗ್ರೆಸ್ ಹೇಳಿತು.

ಹಾಗೆ ಆಗಲು ಕಾರಣವಿದೆ. 2018ರ ಜನವರಿಯವರೆಗೆ ಹಲವು ರಾಜ್ಯಗಳ ಮತದಾರರ ಪಟ್ಟಿ ಹುಡುಕಲು ಬರುವ ಪಿ.ಡಿ.ಎಫ್. ರೂಪದಲ್ಲಿ ಸಿಗುತ್ತಿತ್ತು. ವಿದೇಶಿಯರು, ದತ್ತಾಂಶದ ವ್ಯಾಪಾರಿಗಳು ಸಾರಾಸಗಟಾಗಿ ದೋಚಬಾರದು ಎಂದು ಆಯೋಗ ಅದನ್ನು ಚಿತ್ರರೂಪಕ್ಕೆ ಬದಲಿಸಿತು. ಅದೇ ವರ್ಷದ ಅಕ್ಟೋಬರಿನಲ್ಲಿ, ಕಾಂಗ್ರೆಸ್ ನಾಯಕ ಕಮಲನಾಥ್ ಹೂಡಿದ ಪ್ರಕರಣದಲ್ಲಿ, ಹುಡುಕಬಲ್ಲ ರೂಪದಲ್ಲೇ ಕೊಡಿ ಎಂಬ ಬೇಡಿಕೆಯನ್ನು ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಆಯೋಗದ ಭಯ ಸುಳ್ಳಲ್ಲ. ಹೆಸರು, ತಂದೆ ಅಥವಾ ಗಂಡನ ಹೆಸರು, ಮನೆ ನಂಬರು, ವಯಸ್ಸು, ಲಿಂಗ: ಇಷ್ಟು ಸಿಕ್ಕರೆ ಬೀದಿಬೀದಿಯ ಧರ್ಮ, ಜಾತಿಗಳ ನಕ್ಷೆ ಬರೆಯಬಹುದು. ಆದರೆ ಈ ಬೀಗ ತಡೆದದ್ದು ಯಾರನ್ನು? ದುಡ್ಡಿರುವವರಿಗೆ ಚಿತ್ರವನ್ನು ಅಕ್ಷರವಾಗಿಸುವ ತಂತ್ರಾಂಶ ಅಗ್ಗವಾಗಿಯೇ ಸಿಗುತ್ತದೆ. ಚಿಲುಮೆಯಂಥ ಪ್ರಕರಣದಲ್ಲಂತೂ ಮುಂಬಾಗಿಲೇ ತೆರೆದಿತ್ತು. ತೊಂದರೆಯಾದದ್ದು ಒಂದೇ ಹೆಸರು ಎರಡು ಬೂತಿನಲ್ಲಿ ಇದೆಯೇ ಎಂದು ನೋಡಬಯಸುವ ಬಡಾವಣೆಯ ನಿವಾಸಿಗಳ ಸಂಘಕ್ಕೆ.

ರಾಹುಲ್ ಗಾಂಧಿಯವರ ಪತ್ರಿಕಾಗೋಷ್ಠಿಯ ಮರುದಿನದಿಂದ ಇನ್ನೊಂದು ದೃಶ್ಯ. ಎಂಬತ್ತು ಮತದಾರರ ವಿಳಾಸವಿದೆ ಎನ್ನಲಾದ ಒಂದು ಚಿಕ್ಕ ಕೋಣೆಯ ಮುಂದೆ ಟಿ.ವಿ. ಕ್ಯಾಮೆರಾಗಳು ಸಾಲುಗಟ್ಟಿದವು. ಕೋಣೆಯಲ್ಲಿದ್ದ ಬಾಡಿಗೆದಾರ ಕಕ್ಕಾಬಿಕ್ಕಿ. ದುಡಿಯಲು ಬಂದವರು ಬಾಡಿಗೆ ಕರಾರಿನ ಮೇಲೆ ವೋಟರ್ ಕಾರ್ಡ್ ಮಾಡಿಸಿಕೊಂಡು, ಒಂದೆರಡು ವರ್ಷಕ್ಕೆ ಬೇರೆಡೆ ಹೋಗುತ್ತಾರೆ, ಹೆಸರು ಅಲ್ಲೇ ಉಳಿಯುತ್ತದೆ ಎಂಬ ವಿವರಣೆ ಬಂತು. ಮನೆ ನಂಬರುಗಳ ಗೊಂದಲಕ್ಕೂ ಇಲ್ಲಿ ಇತಿಹಾಸವಿದೆ. ಕೆ.ಆರ್. ಪುರ, ಮಹದೇವಪುರ 2007ರವರೆಗೆ ಪ್ರತ್ಯೇಕ ನಗರಸಭೆಗಳು. ಆ ವರ್ಷ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳು ಬಿ.ಬಿ.ಎಂ.ಪಿ.ಗೆ ಸೇರಿದಾಗ ಗ್ರಾಮ ಪಂಚಾಯಿತಿ ಕೊಟ್ಟ ನಂಬರು, ನಗರಸಭೆಯ ನಂಬರು, ರೆವಿನ್ಯೂ ಲೇಔಟಿನವರು ತಾವೇ ಗೋಡೆಗೆ ಬರೆದ ನಂಬರು ಎಲ್ಲವೂ ಕಲಸಿಹೋದವು. ಅಂಚೆಯವರಿಗೇ ಸಿಗದ ಮನೆ ಪಟ್ಟಿಯಲ್ಲಿ ಸರಿಯಾಗಿ ಕೂರುವುದು ಹೇಗೆ? ಇಷ್ಟಾದರೂ, ದೇಶದ ಪರದೆಯ ಮೇಲೆ ಹೆಸರು, ಫೋಟೊ ಸಮೇತ ಮೂಡಿದ ಸಾಮಾನ್ಯ ಮತದಾರರು ತಾವು ಕಳ್ಳರಲ್ಲ ಎಂದು ಹೇಳಿಕೊಳ್ಳಬೇಕಾಯಿತು. ಬಯಲಿಗಾಗಿ ಹೋರಾಡುವವರು ಈ ಬೆಲೆಯನ್ನು ಲೆಕ್ಕಕ್ಕೆ ಹಿಡಿಯುವುದು ಕಡಿಮೆ.

ಖಾಸಗಿತನದ ಮಾತು ಮತಗಟ್ಟೆಯ ಸಿ.ಸಿ. ಟಿ.ವಿ.ಗೂ ಬಂತು. 2024ರ ಡಿಸೆಂಬರಿನಲ್ಲಿ, ಪಂಜಾಬ್ ಮತ್ತು ಹರಿಯಾಣ ಹೈಕೋರ್ಟು ವಿಡಿಯೊ ಸಹಿತ ದಾಖಲೆ ಕೊಡಿ ಎಂದು ಹೇಳಿದ ಕೆಲವೇ ದಿನಗಳಲ್ಲಿ, ಕೇಂದ್ರ ಸರ್ಕಾರ 1961ರ ಚುನಾವಣಾ ನಿಯಮಗಳ 93ನೇ ನಿಯಮವನ್ನು ತಿದ್ದಿತು. ಜನ ನೋಡಬಹುದಾದ ಕಾಗದಗಳ ಪಟ್ಟಿ ಕಿರಿದಾಯಿತು. ಮತ ಹಾಕಲು ಬಂದ ಹೆಣ್ಣುಮಕ್ಕಳ ದೃಶ್ಯವನ್ನು ಹೇಗೆ ಹಂಚುವುದು ಎಂದು ಮುಖ್ಯ ಚುನಾವಣಾ ಆಯುಕ್ತರು 2025ರ ಆಗಸ್ಟಿನಲ್ಲಿ ಕೇಳಿದರು. ಪ್ರಶ್ನೆ ಹಗುರವಾದದ್ದಲ್ಲ. ಆದರೆ ಕಲಬುರಗಿ ಜಿಲ್ಲೆಯ ಆಳಂದದ ಪ್ರಕರಣದಲ್ಲಿ ಹೆಣ್ಣುಮಕ್ಕಳ ಮುಖವೂ ಇಲ್ಲ, ಮನೆ ನಂಬರೂ ಇಲ್ಲ. 2023ರ ಚುನಾವಣೆಗೆ ಮುನ್ನ ಅಲ್ಲಿ 6,018 ಹೆಸರು ತೆಗೆಯಲು ಆನ್‌ಲೈನಿನಲ್ಲಿ ಅರ್ಜಿ ಬಂದವು. ಪರಿಶೀಲಿಸಿದಾಗ ಸರಿಯಿದ್ದದ್ದು 24. ಅರ್ಜಿ ಹಾಕಿದವರು ಯಾವ ಕಂಪ್ಯೂಟರಿನಿಂದ ಹಾಕಿದರು ಎಂದು ತಿಳಿಯಲು ರಾಜ್ಯದ ಸಿ.ಐ.ಡಿ. ಆಯೋಗಕ್ಕೆ ಮತ್ತೆ ಮತ್ತೆ ಪತ್ರ ಬರೆಯಬೇಕಾಯಿತು. ಕೊಡಬೇಕಾದದ್ದನ್ನು 2023ರ ಸೆಪ್ಟೆಂಬರಿನಲ್ಲೇ ಕೊಟ್ಟಿದ್ದೇವೆ ಎಂಬುದು ಆಯೋಗದ ಉತ್ತರ. ಕೇಳಿದವರು ಪೊಲೀಸರು, ಕೇಳಿದ್ದು ಅಪರಾಧದ ಜಾಡು. ಇಲ್ಲಿ ಯಾರ ಖಾಸಗಿತನವನ್ನು ಕಾಯಬೇಕಿತ್ತು ಎಂಬುದಕ್ಕೆ ಉತ್ತರ ಸಿಗುವುದಿಲ್ಲ.

ಖಾಸಗಿತನ ಎಂಬ ಪದಕ್ಕೆ ಈ ದೇಶದಲ್ಲಿ ಮೂಲಭೂತ ಹಕ್ಕಿನ ಪಟ್ಟ ಸಿಕ್ಕಿದ್ದು ಬೆಂಗಳೂರಿನ ಒಬ್ಬ ಹಿರಿಯರಿಂದ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ ಆಧಾರ್ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದಾಗ ಅವರಿಗೆ 86 ವರ್ಷ. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನವನ್ನು ಎತ್ತಿಹಿಡಿದರು. ಅದಕ್ಕೂ ಎಂಟು ವರ್ಷ ಹಿಂದೆ, 2009ರ ಆಗಸ್ಟಿನಲ್ಲಿ, ಅದೇ ಹೈಕೋರ್ಟಿನ ನ್ಯಾಯಮೂರ್ತಿ ಡಿ.ವಿ. ಶೈಲೇಂದ್ರಕುಮಾರ್ ತಮ್ಮ ಆಸ್ತಿ ವಿವರವನ್ನು ತಾವಾಗಿಯೇ ಜಾಲತಾಣದಲ್ಲಿ ಪ್ರಕಟಿಸಿದ್ದರು. ನ್ಯಾಯಾಧೀಶರ ಆಸ್ತಿ ಬಹಿರಂಗವಾಗಬೇಕೇ ಎಂದು ದೇಶದ ಮುಖ್ಯ ನ್ಯಾಯಮೂರ್ತಿಗಳು ಹಿಂದೆಮುಂದೆ ನೋಡುತ್ತಿದ್ದ ದಿನಗಳವು. ಒಬ್ಬರು ಜನರ ಮನೆಗೆ ಬಾಗಿಲು ಇಡಿಸಿದರು, ಇನ್ನೊಬ್ಬರು ಅಧಿಕಾರದ ಮನೆಯ ಕಿಟಕಿ ತೆಗೆದರು. ಇಬ್ಬರೂ ಮಾಡಿದ್ದು ಒಂದೇ ಕೆಲಸ ಎಂದು ಅನ್ನಿಸಿದರೆ ತಪ್ಪಿಲ್ಲ.

2017ರ ತೀರ್ಪಿಗೆ ಕೆಲವು ತಿಂಗಳ ಮೊದಲು, ಇಂದಿರಾನಗರದ ಪಕ್ಕದ ದೊಮ್ಮಲೂರಿನಲ್ಲಿದ್ದ ‘ಸೆಂಟರ್ ಫಾರ್ ಇಂಟರ್‌ನೆಟ್ ಆ್ಯಂಡ್ ಸೊಸೈಟಿ’ ಸಂಸ್ಥೆಗಾಗಿ ಅಂಬರ್ ಸಿನ್ಹಾ ಮತ್ತು ಶ್ರೀನಿವಾಸ ಕೊಡಾಲಿ ಒಂದು ವರದಿ ಬರೆದರು. ಪಿಂಚಣಿ, ಉದ್ಯೋಗ ಖಾತ್ರಿಯಂಥ ನಾಲ್ಕು ಸರ್ಕಾರಿ ತಾಣಗಳಿಂದಲೇ 13 ಕೋಟಿಗೂ ಹೆಚ್ಚು ಆಧಾರ್ ಸಂಖ್ಯೆಗಳು ಬಯಲಿಗೆ ಬಿದ್ದಿರಬಹುದು ಎಂದು ಅದು ಲೆಕ್ಕ ಹಾಕಿತು. ಯಾವ ಕಳ್ಳನೂ ಕನ್ನ ಹಾಕಿರಲಿಲ್ಲ. ಇಲಾಖೆಗಳು ಪಾರದರ್ಶಕತೆಯ ಹುರುಪಿನಲ್ಲಿ ಫಲಾನುಭವಿಗಳ ಪಟ್ಟಿಯ ಎಲ್ಲ ಕಾಲಂಗಳನ್ನೂ ಹಾಗೆಯೇ ಏರಿಸಿಬಿಟ್ಟಿದ್ದವು. ಕೂಲಿ ಯಾರಿಗೆ ಎಷ್ಟು ಹೋಯಿತು ಎಂಬುದು ಊರಿಗೆ ತಿಳಿಯಬೇಕು. ಗುತ್ತಿಗೆದಾರ ಸತ್ತವರ ಹೆಸರಿನಲ್ಲಿ ಹಣ ಎತ್ತಿದರೆ ಸಿಕ್ಕಿಬೀಳುವುದು ಆ ಪಟ್ಟಿಯಿಂದಲೇ. ಅದಕ್ಕೆ ಹೆಸರು, ದಿನ, ಮೊತ್ತ ಸಾಕು. ಬ್ಯಾಂಕ್ ಖಾತೆ ಸಂಖ್ಯೆ ಯಾಕೆ ಬೇಕಿತ್ತು?

ಕರ್ನಾಟಕ ಸರ್ಕಾರ ಇಂಥ ಪಟ್ಟಿಗಳಿಗಾಗಿ ‘ಮಾಹಿತಿ ಕಣಜ’ ಎಂಬ ತಾಣ ಮಾಡಿದೆ. ಹೆಸರು ಚೆಂದ. ಪಡಿತರ, ಪಿಂಚಣಿ, ಉದ್ಯೋಗ ಖಾತ್ರಿಗಳ ಕಾಳು ಅಲ್ಲಿ ಹೇರಳ. ಕಾಮಗಾರಿಗೆ ಅನುಮೋದನೆ ಕೊಟ್ಟ ಟಿಪ್ಪಣಿ, ಅದರ ಮೇಲೆ ಯಾರು ಏನು ಷರಾ ಬರೆದರು ಎಂಬ ಕಾಳು ಬೇಕೆಂದರೆ ಮಾಹಿತಿ ಹಕ್ಕಿನ ಅರ್ಜಿಯೇ ಗತಿ.

ಆ ದಾರಿ ಕಿರಿದಾಗುತ್ತ ಬಂದಿದೆ. ಕೇಂದ್ರ ಕಾಯ್ದೆ ಬರುವ ಐದು ವರ್ಷ ಮೊದಲೇ, 2000ದಲ್ಲಿ, ಸ್ವಂತ ಮಾಹಿತಿ ಹಕ್ಕು ಕಾಯ್ದೆ ಮಾಡಿದ ರಾಜ್ಯ ಇದು. ಅದೇ ರಾಜ್ಯ 2008ರಲ್ಲಿ ನಿಯಮ ತಿದ್ದಿ, ಅರ್ಜಿ ಒಂದೇ ವಿಷಯದ್ದಾಗಿರಬೇಕು, 150 ಪದ ಮೀರಬಾರದು ಎಂದಿತು. ಹಲಸೂರಿನ ಒಂದು ಚರಂಡಿ ಕಾಮಗಾರಿಯ ಕೆಲಸದ ಸಂಖ್ಯೆ, ಟೆಂಡರು, ಅಳತೆ ಪುಸ್ತಕ, ಬಿಲ್ಲು ಇವನ್ನೆಲ್ಲ ಕೇಳುವ ಹೊತ್ತಿಗೆ 150 ಪದ ಮುಗಿದಿರುತ್ತವೆ. ಮೇಲ್ಮನವಿಗೆ ಹೋದರೆ ಸಾಲು ಉದ್ದ: 2023ರ ಮಧ್ಯಕ್ಕೆ ರಾಜ್ಯ ಮಾಹಿತಿ ಆಯೋಗದಲ್ಲಿ ಬಾಕಿ ಪ್ರಕರಣಗಳು 41 ಸಾವಿರ ದಾಟಿದ್ದವು.

ದೊಡ್ಡ ಪೆಟ್ಟು ಬಿದ್ದದ್ದು 2025ರ ನವೆಂಬರಿನಲ್ಲಿ. ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಉಪಕಲಮು ಮೊದಲಿನಿಂದಲೂ ವೈಯಕ್ತಿಕ ಮಾಹಿತಿಗೆ ರಕ್ಷಣೆ ಕೊಟ್ಟಿತ್ತು. ಆದರೆ ಅದಕ್ಕೆ ಷರತ್ತುಗಳಿದ್ದವು: ಸಾರ್ವಜನಿಕ ಚಟುವಟಿಕೆಗೆ ಸಂಬಂಧವಿಲ್ಲದ ಮಾಹಿತಿಯಾಗಿರಬೇಕು, ಅಥವಾ ಕೊಟ್ಟರೆ ಖಾಸಗಿತನಕ್ಕೆ ಅನಗತ್ಯವಾಗಿ ಧಕ್ಕೆಯಾಗಬೇಕು, ಶಾಸನಸಭೆಗೆ ನಿರಾಕರಿಸಲಾಗದ್ದನ್ನು ಸಾಮಾನ್ಯನಿಗೂ ನಿರಾಕರಿಸುವಂತಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯ 44(3) ಈ ಷರತ್ತುಗಳನ್ನೆಲ್ಲ ಕಿತ್ತು, ‘ವೈಯಕ್ತಿಕ ಮಾಹಿತಿ’ ಎಂದರೆ ಸಾಕು ಎಂದಿತು. ಎರಡು ವರ್ಷ ಕಾಗದದಲ್ಲಿದ್ದ ಆ ತಿದ್ದುಪಡಿ ನವೆಂಬರಿನಲ್ಲಿ ಜಾರಿಗೆ ಬಂತು. ಹೆಚ್ಚಿನ ಸಾರ್ವಜನಿಕ ಹಿತವಿದ್ದರೆ ಕೊಡಬಹುದು ಎಂಬ 8(2) ಇನ್ನೂ ಉಳಿದಿದೆಯಲ್ಲ ಎಂದು ಸರ್ಕಾರ ಸಮಾಧಾನ ಹೇಳುತ್ತದೆ. ಮಾಹಿತಿ ಅಧಿಕಾರಿಯ ಕುರ್ಚಿಯಲ್ಲಿ ಕುಳಿತವರ ಮನಸ್ಸು ಬಲ್ಲವರಿಗೆ ಆ ಸಮಾಧಾನ ಹತ್ತುವುದು ಕಷ್ಟ. ‘ಕೊಡಬಹುದು’ ಎಂದು ತೀರ್ಮಾನಿಸಿದರೆ ತಲೆನೋವು ತಮಗೆ. ‘ವೈಯಕ್ತಿಕ’ ಎಂದು ಒಂದು ಸಾಲಿನ ಹಿಂಬರಹ ಕೊಟ್ಟರೆ ಕೆಲಸ ಮುಗಿಯಿತು. ಕಡತದ ಮೇಲಿನ ಸಹಿಯೂ ಒಬ್ಬ ವ್ಯಕ್ತಿಯದೇ ತಾನೇ? ಚಿಲುಮೆಗೆ ಅನುಮತಿ ಕೊಟ್ಟ ಅಧಿಕಾರಿಯ ಹೆಸರನ್ನು ಈಗ ಅರ್ಜಿ ಹಾಕಿ ಕೇಳಿದರೆ ಯಾವ ಉತ್ತರ ಬರುತ್ತದೆ ಎಂದು ಊಹಿಸಬಹುದು.

ಜನರ ಗುಟ್ಟಿನ ವಿಷಯಕ್ಕೆ ಬಂದಾಗ ಸರ್ಕಾರ ಇಷ್ಟು ನಾಚಿಕೆಪಟ್ಟದ್ದಿಲ್ಲ. 2020ರ ಮಾರ್ಚ್ ಕೊನೆಯ ವಾರ, ಕೊರೊನಾದ ಮೊದಲ ದಿನಗಳಲ್ಲಿ, ವಿದೇಶದಿಂದ ಬಂದು ಮನೆಯಲ್ಲೇ ಕ್ವಾರಂಟೈನ್ ಆಗಿದ್ದ ಸಾವಿರಾರು ಜನರ ಮನೆ ವಿಳಾಸಗಳ ಪಟ್ಟಿಯನ್ನು ಆರೋಗ್ಯ ಇಲಾಖೆ ಜಾಲತಾಣದಲ್ಲಿ ಜಿಲ್ಲಾವಾರು ಪ್ರಕಟಿಸಿತು. ನೋಡನೋಡುತ್ತಲೇ ಅದು ಅಪಾರ್ಟ್‌ಮೆಂಟುಗಳ ವಾಟ್ಸ್ಆ್ಯಪ್ ಗುಂಪುಗಳಿಗೆ ಸೇರಿತು. ಕ್ವಾರಂಟೈನಿನಲ್ಲಿದ್ದವರು ಗಂಟೆಗೊಂದು ಸೆಲ್ಫಿ ಕಳಿಸಬೇಕು ಎಂಬ ಆ್ಯಪೂ ಬಂತು. ಇದೇ ಬೆಂಗಳೂರಿನ ದಂಡು (ಕಂಟೋನ್ಮೆಂಟ್) ಪ್ರದೇಶದಲ್ಲಿ 1898ರ ಪ್ಲೇಗಿನಲ್ಲೂ ಮನೆಮನೆಗೆ ಹೋಗಿ ರೋಗಿಗಳನ್ನು ಹುಡುಕಿದ್ದರು. ಫ್ರೇಜರ್ ಟೌನ್ ಎದ್ದದ್ದೇ ಆ ಪ್ಲೇಗಿನ ನಂತರ. ಹುಡುಕಿ ಬಂದವರ ಎದುರು ಆಗ ಬಾಗಿಲನ್ನಾದರೂ ಹಾಕಿಕೊಳ್ಳಬಹುದಿತ್ತು. 2021ರ ಜನವರಿ 25ರಂದು ಬೆಂಗಳೂರಿನ ಅನಿವರ್ ಅರವಿಂದ್ ಹೂಡಿದ ಅರ್ಜಿಯಲ್ಲಿ ಕರ್ನಾಟಕ ಹೈಕೋರ್ಟ್, ‘ಆರೋಗ್ಯ ಸೇತು’ ಕೂಡಿಹಾಕಿದ ಆರೋಗ್ಯ ಮಾಹಿತಿಯನ್ನು ಬಳಕೆದಾರರ ಒಪ್ಪಿಗೆಯಿಲ್ಲದೆ ಇತರ ಇಲಾಖೆಗಳಿಗೆ ಹಂಚಬಾರದು ಎಂದು ಮಧ್ಯಂತರ ಆದೇಶ ಕೊಟ್ಟಿತು. ಆ ಆ್ಯಪನ್ನು ಮಾಡಿದವರು ಯಾರು ಎಂದು ಅದರ ಹಿಂದಿನ ವರ್ಷ ದೆಹಲಿಯಲ್ಲಿ ಮಾಹಿತಿ ಹಕ್ಕಿನಡಿ ಕೇಳಿದಾಗ ಸರ್ಕಾರಿ ಸಂಸ್ಥೆಗಳಿಂದ ನೆಟ್ಟಗೆ ಉತ್ತರ ಬಂದಿರಲಿಲ್ಲ. ಕೇಂದ್ರ ಮಾಹಿತಿ ಆಯೋಗ ಸಿಡಿಮಿಡಿಗೊಂಡಿತ್ತು.

ಜಾತಿ ಸಮೀಕ್ಷೆಯ ಕತೆಯಲ್ಲಿ ಎರಡೂ ತುದಿಗಳು ಒಟ್ಟಿಗೆ ಸಿಗುತ್ತವೆ. 2015ರಲ್ಲಿ ಕಾಂತರಾಜ ಆಯೋಗ ಮನೆಮನೆಗೆ ಹೋಗಿ ಬರೆದುಕೊಂಡದ್ದು, 2024ರ ಫೆಬ್ರವರಿಯಲ್ಲಿ ಆಯೋಗದ ನಂತರದ ಅಧ್ಯಕ್ಷ ಜಯಪ್ರಕಾಶ ಹೆಗ್ಡೆ ಅವರ ಕೈಯಿಂದ ಸರ್ಕಾರಕ್ಕೆ ವರದಿಯಾಗಿ ಸೇರಿತು. ಆ ನಡುವೆ ಮುಖ್ಯಮಂತ್ರಿ ಬದಲಾದರು, ಪಕ್ಷ ಬದಲಾಯಿತು, ಪೆಟ್ಟಿಗೆ ಮಾತ್ರ ಜನರ ಎದುರು ತೆರೆಯಲಿಲ್ಲ. ಅಂಕಿಗಳು ಸೋರಿ ಪತ್ರಿಕೆಗಳಲ್ಲಿ ಬಂದವು. ಕೊನೆಗೆ ಹೊಸ ಸಮೀಕ್ಷೆಯೇ ಆಗಲಿ ಎಂದು 2025ರ ಸೆಪ್ಟೆಂಬರಿನಲ್ಲಿ 60 ಪ್ರಶ್ನೆಗಳೊಂದಿಗೆ ಮತ್ತೆ ಬಾಗಿಲು ತಟ್ಟಿದರು. ಹೈಕೋರ್ಟು ಮಧ್ಯೆ ಬಂದು, ಉತ್ತರಿಸುವುದು ಜನರ ಇಷ್ಟ, ಸಂಗ್ರಹಿಸಿದ ವಿವರ ಗುಟ್ಟಾಗಿರಬೇಕು ಎಂದಿತು. ಸರಿಯಾದ ಮಾತು. ನಮ್ಮ ಮನೆಯ ಉತ್ತರ ಗುಟ್ಟಾಗಿರಬೇಕು, ಎಲ್ಲರ ಉತ್ತರ ಕೂಡಿಸಿದ ಮೊತ್ತ ಬಯಲಾಗಬೇಕು. ಹತ್ತು ವರ್ಷ ನಡೆದದ್ದು ತಿರುಗುಮುರುಗು.

ದಂಡಿನ ನೆಲದಲ್ಲಿ ಗುಟ್ಟಿಗೆ ಇನ್ನೊಂದು ಹೆಸರೂ ಇದೆ, ಭದ್ರತೆ. 2011ರ ಮೇ ತಿಂಗಳಲ್ಲಿ ಗೂಗಲ್‌ನ ಸ್ಟ್ರೀಟ್ ವ್ಯೂ ಕಾರುಗಳು ಬೆಂಗಳೂರಿನ ಬೀದಿಗಳ ಚಿತ್ರ ಹಿಡಿಯತೊಡಗಿದ್ದವು. ಕೆಲವೇ ವಾರಗಳಲ್ಲಿ ನಗರ ಪೊಲೀಸರ ಪತ್ರ ಹೋಯಿತು, ಕಾರು ನಿಂತಿತು. ಹಲಸೂರು ಕೆರೆಯ ಪಕ್ಕ ಮದ್ರಾಸ್ ಎಂಜಿನಿಯರ್ ಗ್ರೂಪ್, ಎಂ.ಜಿ. ರಸ್ತೆಗೆ ಹೊಂದಿ ಪರೇಡ್ ಮೈದಾನ, ಅಗರಂನಲ್ಲಿ ಸೇನಾ ಕೇಂದ್ರ ಇರುವ ಊರಿನಲ್ಲಿ ಆ ಅಳುಕು ಸಹಜ. 2016ರಲ್ಲಿ ಕೇಂದ್ರ ಗೃಹ ಸಚಿವಾಲಯವೂ ಬೇಡ ಎಂದಿತು. 2022ರ ಜುಲೈನಲ್ಲಿ, ಭೂನಕ್ಷೆಯ ನಿಯಮ ಸಡಿಲವಾದ ಮೇಲೆ, ಭಾರತೀಯ ಕಂಪನಿಗಳ ಜೊತೆಗೂಡಿ ಅದೇ ಸೇವೆ ಬೆಂಗಳೂರೂ ಸೇರಿ ಹತ್ತು ನಗರಗಳಿಗೆ ಬಂತು. ಈ ನಡುವೆ 1924ರ ಮರ್ರೇ ಪ್ರವಾಸಿ ಕೈಪಿಡಿಯ ದಂಡಿನ ನಕ್ಷೆ ಅಮೆರಿಕದ ವಿಶ್ವವಿದ್ಯಾಲಯವೊಂದರ ತಾಣದಲ್ಲಿ ಎಲ್ಲರಿಗೂ ಸಿಗುತ್ತಲೇ ಇತ್ತು. ರಾಷ್ಟ್ರೀಯ ಪತ್ರಾಗಾರದ ‘ಅಭಿಲೇಖ ಪಟಲ್’ನಲ್ಲಂತೂ ಮೈಸೂರು ರೆಸಿಡೆನ್ಸಿಯ ಹಳೆಯ ಕಡತಗಳನ್ನು ಮನೆಯಲ್ಲೇ ಕುಳಿತು ಓದಬಹುದು. ಬ್ರಿಟಿಷ್ ರೆಸಿಡೆಂಟನ ಗುಟ್ಟು ಇಂದಿರಾನಗರದ ಕಾಫಿ ಅಂಗಡಿಯಲ್ಲಿ ಸಿಗುತ್ತದೆ, ಹೋದ ವರ್ಷದ ವಾರ್ಡ್ ಕಾಮಗಾರಿಯ ಅಳತೆ ಪುಸ್ತಕ ಸಿಗುವುದಿಲ್ಲ.

ನ್ಯಾಯಾಲಯದ ದಾಖಲೆಯಲ್ಲಿ ಮಾತ್ರ ಕರ್ನಾಟಕ ಒಂದು ನಾಜೂಕಾದ ದಾರಿ ತೋರಿಸಿದ್ದಿದೆ. 2017ರ ಜನವರಿಯಲ್ಲಿ ತಂದೆಯೊಬ್ಬರು ಹೈಕೋರ್ಟಿಗೆ ಬಂದು, ಮುಗಿದುಹೋದ ವ್ಯಾಜ್ಯದಲ್ಲಿ ಮಗಳ ಹೆಸರು ಜಾಲದಲ್ಲಿ ಹುಡುಕಿದವರಿಗೆಲ್ಲ ಸಿಗುತ್ತಿದೆ ಎಂದು ಅಳಲು ತೋಡಿಕೊಂಡರು. ಜಾಲದ ಹುಡುಕಾಟದಲ್ಲಿ ಆಕೆಯ ಹೆಸರು ಬಾರದಂತೆ ನೋಡಿಕೊಳ್ಳಲು ನ್ಯಾಯಮೂರ್ತಿ ಆನಂದ ಬೈರಾರೆಡ್ಡಿ ರಿಜಿಸ್ಟ್ರಿಗೆ ಸೂಚಿಸಿದರು. ದೃಢೀಕೃತ ಪ್ರತಿ ಪಡೆದವರಿಗೆ ಹೆಸರು ಇದ್ದೇ ಇರುತ್ತದೆ. ತೀರ್ಪು ಬಯಲಲ್ಲೇ ಉಳಿಯಿತು, ಒಂದು ಹೆಸರು ಬಿಸಿಲಿನಿಂದ ಒಂದು ಹೆಜ್ಜೆ ಒಳಗೆ ಸರಿಯಿತು. ಕ್ರಯಪತ್ರದ ಹೆಬ್ಬೆಟ್ಟಿಗೂ ಮತದಾರರ ಪಟ್ಟಿಗೂ ಇಷ್ಟೇ ಎಚ್ಚರದ ಹೊಲಿಗೆ ಸಾಕಿತ್ತು.

ಕರ್ನಾಟಕದಲ್ಲಿ ಹಿಂದೆ ಮತದಾರರ ಪಟ್ಟಿಯ ತೀವ್ರ ಪರಿಷ್ಕರಣೆ ನಡೆದದ್ದು 2002ರಲ್ಲಿ. ಆ ವರ್ಷದ ಪಟ್ಟಿಗಳು ಈಗ ಮುಖ್ಯ ಚುನಾವಣಾಧಿಕಾರಿಯ ತಾಣದಲ್ಲಿವೆ. ತಮ್ಮದೋ ಅಪ್ಪ-ಅಮ್ಮನದೋ ಹೆಸರು ಅದರಲ್ಲಿ ಇತ್ತೇ ಎಂದು ನೋಡಬಯಸುವವರಿಗೆ ಮೊದಲ ತೊಡಕು ಕ್ಷೇತ್ರದ ಹೆಸರಿನದು. ಆಗ ಮಹದೇವಪುರ ಕ್ಷೇತ್ರವೂ ಇರಲಿಲ್ಲ, ಕೆ.ಆರ್. ಪುರ ಕ್ಷೇತ್ರವೂ ಇರಲಿಲ್ಲ. 2008ರ ಮರುವಿಂಗಡಣೆಗೆ ಮುನ್ನ ಆ ಸೀಮೆಯೆಲ್ಲ ವರ್ತೂರು ಕ್ಷೇತ್ರ. ದಂಡಿನವರು ಭಾರತಿನಗರದ ಪಟ್ಟಿಯನ್ನೂ ತೆರೆದು ನೋಡಬೇಕು. ಪುಟಗಳು ಹಾಗೇ ಸ್ಕ್ಯಾನ್ ಮಾಡಿದ ಚಿತ್ರಗಳು. ಆ ಪುಟಗಳ ಒಳಗೆ ಹೆಸರು ಟೈಪ್ ಮಾಡಿ ಹುಡುಕಲು ಬರುವುದಿಲ್ಲ. ಹಳೆಯ ಮನೆ ನಂಬರು ನೆನಪಿರುವ ಅಜ್ಜಿಯೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಕನ್ನಡಕ ಏರಿಸಿ, ಒಂದೊಂದೇ ಸಾಲನ್ನು ಬೆರಳಿಟ್ಟು ಓದಬೇಕು.